ಮಡಿ ಹೆಡ್‌ಫೋನಿನ ಎರಡನೇ ದನಿ

"ಇವತ್ತಿನಿಂದ ನನ್ನ ಕಿವಿಗೆ ನಾನೇ ಯಜಮಾನ" ಎಂದು ನರಸಿಂಹರಾಯರು ನಿವೃತ್ತಿಯಾದ ಮರುದಿನ ಮುಂಜಾನೆ, ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಘೋಷಿಸಿದರು. ಆ ಘೋಷಣೆ ಕೇಳಲು ಇದ್ದವರು ಇಬ್ಬರೇ. ಒಬ್ಬರು ಹೆಂಡತಿ ಜಯಾಬಾಯಿ, ಇನ್ನೊಬ್ಬ ಗೋಡೆಯಾಚೆ ಮಗ್ಗದ ಮುಂದೆ ಕೂತಿದ್ದ ನೆರೆಮನೆಯ ಮಾರೆಪ್ಪ. ಜಯಾಬಾಯಿ ಕೊತ್ತಂಬರಿ ಸೋಸುತ್ತಿದ್ದರು, ಮಾರೆಪ್ಪ ಸೀರೆಯ ಅಂಚು ನೇಯುತ್ತಿದ್ದ. ಇಬ್ಬರೂ ಕೆಲಸ ನಿಲ್ಲಿಸಲಿಲ್ಲ.

ರಾಯರು ಮಕ್ತಲ್ ತಹಶೀಲ್ ಕಚೇರಿಯಲ್ಲಿ ಗಿರ್ದಾವರ್ ಆಗಿದ್ದವರು. ಸರ್ಕಾರ ಆ ಹುದ್ದೆಗೆ ಕಂದಾಯ ನಿರೀಕ್ಷಕ ಎಂದು ಹೊಸ ಹೆಸರಿಟ್ಟು ಎಷ್ಟೋ ಕಾಲವಾದರೂ ಜನರ ಬಾಯಲ್ಲಿ ನಿಜಾಮನ ಕಾಲದ ಹೆಸರೇ ಉಳಿದಿತ್ತು. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ, ಬಾವಿಯ ನೀರಿನ ಜಗಳ ಇವನ್ನೆಲ್ಲ ಕೇಳಿದಂತೆ ಕಾಣಿಸಿಕೊಂಡು ಕೇಳದೆ ಇರುವುದೇ ಅವರ ಉದ್ಯೋಗ. ಆ ಉದ್ಯೋಗದಲ್ಲಿ ಎಷ್ಟು ಪಳಗಿದ್ದರೆಂದರೆ ಸಂಜೆ ಮನೆಗೆ ಬಂದ ಮೇಲೂ ಓವರ್‌ಟೈಮ್ ಮಾಡುತ್ತಿದ್ದರು. "ಗ್ಯಾಸ್ ಮುಗದದರೀ" ಎಂದು ಜಯಾಬಾಯಿ ಹೇಳಿದರೆ "ಹ್ಞೂಂ" ಎನ್ನುವರು. ಮರುದಿನ ಅಡಿಗೆಯಾಗಿಲ್ಲವೆಂದು ಅವರೇ ಸಿಟ್ಟಾಗುವರು.

ಹೀಗೆ ಸೇವೆಯುದ್ದಕ್ಕೂ ಬಳಸದೆ ಇಟ್ಟ ಕಿವಿಗೆ ಒಂದಿಷ್ಟು ತುಕ್ಕು ಹಿಡಿದಿತ್ತು. ರಾಯರು ಅದನ್ನು ಒಪ್ಪುವವರಲ್ಲ. ಯಾಕೆಂದರೆ ಊರಲ್ಲಿ ಅವರಿಗೆ "ಕಿವಿ ನರಸಿಂಹರಾಯರು" ಎಂಬ ಬಿರುದಿತ್ತು. ಯಾರು ದೇವರನಾಮ ಹಾಡಿದರೂ ಶ್ರುತಿ ಎಲ್ಲಿ ಜಾರಿತು, ತಾಳ ಎಲ್ಲಿ ಎಡವಿತು ಎಂದು ಪಂಚನಾಮೆ ಬರೆದಂತೆ ಹೇಳುವರು. ತಾವು ಒಂದು ಸಾಲೂ ಹಾಡಿದವರಲ್ಲ. ಅಂಪೈರು ಬ್ಯಾಟು ಹಿಡಿಯಬೇಕೆಂಬ ಕಾನೂನು ಎಲ್ಲಿದೆ?

ಆ ವಾರವೇ ವೇದಾಬಾಯಿ ಮನೆಗೆ ಬಂದರು. ಅವರು ಹೆಣ್ಣುಮಕ್ಕಳ ಭಜನಾ ಮಂಡಳಿಯ ಮುಖ್ಯಸ್ಥೆ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮಾತಿನಲ್ಲಿ ಇನ್ನೂ ಸೀಮೆಸುಣ್ಣದ ಪುಡಿ ಉದುರುತ್ತಿತ್ತು. ಏಕಾದಶಿಗೆ ಗದ್ವಾಲಿನಲ್ಲಿ ಅಖಂಡ ಭಜನೆ, ಊರೂರಿನ ಮಂಡಳಿಗಳು ಸೇರುತ್ತವೆ. ನಾರಾಯಣಪೇಟೆಯ ಮಂಡಳಿಯಲ್ಲಿ ಮುಂದೆ ನಿಂತು ಹಾಡುತ್ತಿದ್ದಾಕೆ ಸೊಸೆಯ ಬಾಣಂತನಕ್ಕೆ ಹೋಗಿ ಕೂತಿದ್ದರು.

"ನಮ್ಮ ಜಯಾನ್ನ ಮುಂದ ನಿಲ್ಲಸ್ಬೇಕು ಅಂತ ಮನಸ್ಸಿನ್ಯಾಗ ಅದ" ಎಂದರು ವೇದಾಬಾಯಿ. "ನೀವು ಕಿವಿ ಇದ್ದೋರು. ನಿಮ್ಮ ಮಾತು ಬಿದ್ರ ಮಂಡಳಿಯೊಳಗ ಯಾರೂ ತಕರಾರು ತಗಿಯೂದಿಲ್ಲ."

ಜಯಾಬಾಯಿ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. ಮದುವೆಗೆ ಮುಂಚೆ ರಾಯಚೂರಿನ ತವರಲ್ಲಿ ಅವರು ಹಾಡುತ್ತಿದ್ದರು. ಈ ಮನೆಗೆ ಬಂದ ಮೇಲೆ ಹಾಡು ಎಂದು ಯಾರೂ ಕೇಳಲಿಲ್ಲ, ಕೇಳದೆ ಹಾಡುವ ಧೈರ್ಯ ಅವರಿಗೆ ಬರಲಿಲ್ಲ. ಈಗ ಯಾರೋ ಕೇಳುತ್ತಿದ್ದಾರೆ. 

ರಾಯರು ನಕ್ಕರು. "ಜಯಾ? ಹಾಲು ಉಕ್ಕಿದಾಗ ಒಂದೀಟು ಒದರ್ತಾಳ. ಅದನ್ನ ಹಾಡು ಅಂತ ಯಾರು ಹೇಳಿದ್ರು ನಿಮಗ?"

"ಕೇಳಿ ನೋಡೀರೇನು?"

"ಅಕ್ಕಿ ಬೆಂದದ್ದು ನೋಡ್ಲಿಕ್ಕೆ ಗಂಗಾಳ ಪೂರ್ತಿ ತಿನ್ನಬೇಕೇನ್ರೀ? ದಿನಾ ಮಾತಾಡೂದು ಕೇಳ್ತೀನಲ್ಲ. ಗದ್ವಾಲಿನ ಮಂದಿ ಮುಂದ ನನ್ನ ಮರ್ಯಾದಿ ಕಳೀಬ್ಯಾಡ್ರಿ."

ಜಯಾಬಾಯಿ ಕಾಫಿ ಕೊಟ್ಟು ಒಳಗೆ ಹೋದರು. ಕಾಫಿಗೆ ಸಕ್ಕರೆ ಇರಲಿಲ್ಲ. ವೇದಾಬಾಯಿ ಅದನ್ನು ಗಮನಿಸಿದರು, ರಾಯರು ಗಮನಿಸಲಿಲ್ಲ. ಅವರ ತಲೆಯಲ್ಲಿ ಆಗಲೇ, ದೇವರನಾಮ ಕೇಳಲೆಂದು ಕೊಳ್ಳಬೇಕೆಂದಿದ್ದ ಹೆಡ್‌ಫೋನು ಕೂತಿತ್ತು.

ಚೌಕಿನ ಹತ್ತಿರ ಶಿವಕಾಂತನ ಅಂಗಡಿ. ಟಿವಿ, ಮೊಬೈಲು, ಮಿಕ್ಸರು, ಎಲ್ಲವೂ ಅಲ್ಲೇ. ಶಿವಕಾಂತ ಮೊದಲು ಕಿವಿ ಪೂರ್ತಿ ಮುಚ್ಚುವ ದಪ್ಪ ಹೆಡ್‌ಫೋನ್ ಒಂದನ್ನು ಮುಂದಿಟ್ಟ.

"ಇದು ನೋಡ್ರಿ ಗಿರ್ದಾವರ ಸಾಹೇಬ್ರ. ಹಾಕ್ಕೊಂಡ್ರ ಹೊರಗಿನ ಸಪ್ಪಳ ಒಳಗ ಬರಂಗಿಲ್ಲ, ಒಳಗಿಂದು ಹೊರಗ ಹೋಗಂಗಿಲ್ಲ. ಮನ್ಯಾಗ ಯಾರು ಏನಂದ್ರೂ ಬೇಫಿಕರ್."

ರಾಯರು ಕಿವಿಯ ಗಾದಿಯನ್ನು ಬೆರಳ ತುದಿಯಿಂದ ಮುಟ್ಟಿ ಕೈ ಹಿಂದೆಗೆದರು. "ಇದು ಚರ್ಮ ಏನು?"

"ರೆಕ್ಸಿನ್ ರೀ. ಕಾಣಾಕ ಚರ್ಮದಂಗ ಐತಿ."

"ದೇವರಿಗೂ ಹಂಗs ಕಾಣ್ತದಲ್ಲಪಾ. ಮುಂಜಾನಿ ಮಡಿ ಉಟ್ಟು ಕೂತಾಗ ಹಾಕ್ಕೋಬೇಕು ನಾನು. ಸೊಂಟದ ಬೆಲ್ಟ್ ಬಿಚ್ಚಿ ಹೊರಗಿಟ್ಟು ಬರಾಂವ, ಚರ್ಮ ತಲಿ ಮ್ಯಾಲ ಹೊತ್ಕೊಂಡು ಸಾಲಿಗ್ರಾಮದ ಮುಂದ ಕೂಡ್ಲ್ಯಾ?"

ಪ್ರಪಂಚದಲ್ಲಿ ಹೆಡ್‌ಫೋನುಗಳನ್ನು ದನಿಯಿಂದ ಅಳೆಯುತ್ತಾರೆ, ತೂಕದಿಂದ ಅಳೆಯುತ್ತಾರೆ. ಮಡಿಯಿಂದ ಅಳೆದ ಮೊದಲಿಗರು ನಮ್ಮ ರಾಯರೇ ಇರಬೇಕು. ಶಿವಕಾಂತ ತಲೆ ಕೆರೆದು, ಅಟ್ಟದಿಂದ ಇನ್ನೊಂದು ಡಬ್ಬಿ ಇಳಿಸಿದ. ಎರಡೂ ಕಡೆ ಹಿತ್ತಾಳೆ ಬಣ್ಣದ ಜಾಲರಿ. ಗಾದಿ ಕಪ್ಪು ಮಕಮಲ್ಲು.

"ಇದಕ್ಕ ಓಪನ್ ಬ್ಯಾಕ್ ಅಂತಾರ್ರಿ. ಜಾಲಿ ಇರ್ತೈತಿ, ಗಾಳಿ ಆಡ್ತೈತಿ, ದನಿ ದೇವಸ್ಥಾನದ ಅಂಗಳದಾಗ ಕೇಳಿದಂಗ ಬಿಚ್ಚಿ ಬರ್ತೈತಿ. ಗಾದಿ ಬಿಚ್ಚಿ ಒಗಿಯಾಕೂ ಬರ್ತೈತಿ. ಆದ್ರ ಒಂದ್ ಮಾತು ಹೇಳಬೇಕ್ರಿ..."

"ಒಗೀಲಿಕ್ಕೆ ಬರ್ತದ?" ಎಂದರು ರಾಯರು. "ಕಟ್ಟಿಬಿಡು."

ಆ ಒಂದು ಮಾತು ಶಿವಕಾಂತನ ಬಾಯಲ್ಲೇ ಉಳಿಯಿತು. ಅದೇ ಜಾತಿಯದು, ಸ್ಪಂಜಿನ ಗಾದಿಯದು, ಮಡಿಚಿ ಚೀಲದಲ್ಲಿ ಹಾಕಿಕೊಳ್ಳುವಂಥ ಚಿಕ್ಕದೊಂದನ್ನೂ ರಾಯರು ಬಸ್ಸಿನ ಪ್ರಯಾಣಕ್ಕೆಂದು ತೆಗೆದುಕೊಂಡರು.

"ಓಪನ್ ಬ್ಯಾಕಾ?" ಎಂದರು ಜಯಾಬಾಯಿ, ಮನೆಗೆ ಬಂದ ಡಬ್ಬಿ ನೋಡಿ. "ಹೆಣ್ಣುಮಕ್ಕಳ ಜಂಪರಿಗೆ ಹಂಗ ಅಂತಿದ್ರು. ಗಂಡಸರ ಕಿವಿಗೂ ಬಂತೇನು?"

 ರಾಯರು ಶಾಸ್ತ್ರ ರಚಿಸುತ್ತಿದ್ದರು. ದೊಡ್ಡದು ಮನೆಯದು, ಅಂದರೆ ಮಡಿ. ಅದರ ಗಾದಿಗಳನ್ನು ಬಿಚ್ಚಿ, ಒಗೆದು, ಮಡಿಪಂಚೆಯ ಪಕ್ಕ ಗಳದ ಮೇಲೆ ಒಣಹಾಕಿಸಿದರು. ಅಲ್ಲಿ ಅವು ಕರಿದು ಕಪ್ಪಾದ ವಡೆಗಳಂತೆ ನೇತಾಡಿದವು. ಅದು ದೇವರಕೋಣೆಯ ಮುಂದಿನ ಜಾಗ ಬಿಟ್ಟು ಕದಲುವಂತಿಲ್ಲ. ಚಿಕ್ಕದು ಬಸ್ಸಿನದು, ಅಂದರೆ ಮೈಲಿಗೆ. ಅದಕ್ಕೆ ಹೊರಗಿನ ಕಟ್ಟೆಯಲ್ಲಿ, ಚಪ್ಪಲಿಗಳ ಮೇಲಿನ ಮೊಳೆಯೇ ಗತಿ. ಅದು ಹೊಸ್ತಿಲು ದಾಟುವಂತಿಲ್ಲ. ಫೋನು ಮಾತ್ರ ಎರಡೂ ಕಡೆ ಓಡಾಡಬಹುದು. ಅದು ಗಾಜು, ಗಾಜಿಗೆ ಮೈಲಿಗೆಯಿಲ್ಲ ಎಂದು ರಾಯರೇ ತೀರ್ಪು ಕೊಟ್ಟುಕೊಂಡರು.

ಮೊದಲ ಮುಂಜಾನೆ ಸಂಧ್ಯಾವಂದನೆ ಮುಗಿಸಿ, ಮಣೆಯ ಮೇಲೆ ಕೂತು, ಹಳೇ ಕಾಲದ ಒಬ್ಬ ಭಾಗವತರ ದೇವರನಾಮ ಹಚ್ಚಿದರು. ಕಿವಿಗೆ ತುಕ್ಕಿತ್ತಲ್ಲ, ದನಿಯನ್ನು ಕೊನೆಯವರೆಗೆ ಏರಿಸಿದರು. ಮೊದಲ ದಿನ ಭಾಗವತರೊಬ್ಬರೇ ಹಾಡಿದರು. ಎರಡನೇ ದಿನವೂ ಅಷ್ಟೇ. ಅದಾದ ಮೇಲೆ ಒಂದು ಮುಂಜಾನೆ, ಚರಣ ಏರುವ ಹೊತ್ತಿಗೆ, ಭಾಗವತರ ದನಿಯ ಹಿಂದಿನಿಂದ ಇನ್ನೊಂದು ದನಿ ಎದ್ದು ಬಂತು. ಹೆಣ್ಣಿನ ದನಿ. ಮೆಲ್ಲಗೆ, ಅಂಜುತ್ತ ಬಂದು, ಶ್ರುತಿಗೆ ಕೂತದ್ದೇ ಹರಡಿಕೊಂಡಿತು. ರಾಯರ ಮೈ ಜುಮ್ಮೆಂದಿತು. ನವವಿಧ ಭಕ್ತಿಯಲ್ಲಿ ಶ್ರವಣವನ್ನು ಮೊದಲು ಯಾಕಿಟ್ಟಿದ್ದಾರೆಂದು ಅವತ್ತು ಅವರಿಗೆ ತಿಳಿಯಿತು.

"ಏ ಜಯಾ, ಇಲ್ಲೆ ಬಾ. ಈ ರೆಕಾರ್ಡಿನ್ಯಾಗ ಭಾಗವತರ ಹಿಂದ ಒಬ್ಬ ಹೆಣ್ಣುಮಗಳು ಹಾಡ್ಯಾಳ. ಇಷ್ಟು ವರ್ಷ ಕೇಳೀನಿ, ಗೊತ್ತs ಆಗಿದ್ದಿಲ್ಲ. ಈ ಮಿಷನ್ ತೋರಿಸಿಕೊಡ್ತು."

ಜಯಾಬಾಯಿ ಸೌಟು ಹಿಡಿದುಕೊಂಡೇ ಬಂದರು. ಗಂಡನ ಮುಖ ನೋಡಿದರು. ಜಾಲರಿಯಿಂದ ಹೊರಗೆ ಸುರಿಯುತ್ತಿದ್ದ ಭಾಗವತರನ್ನು ಕೇಳಿದರು. ಸೌಟಿನಿಂದ ಒಂದು ಹನಿ ಸಾರು ನೆಲಕ್ಕೆ ಬಿತ್ತು.

"ಹೌದಾ? ಹ್ಯಾಂಗ ಹಾಡ್ಯಾಳ?"

"ಹದವಾಗಿ ಕಾಸಿದ ಹಾಲಿದ್ದಂಗ."

"ಇನ್ನೊಮ್ಮೆ ಹೇಳ್ರಿ, ಕೇಳಸಲಿಲ್ಲ."

"ಕಾಸಿದ ಹಾಲು ಅಂದೆ. ಕೆನಿ ಕಟ್ಟಿದ್ದು."

"ಉಕ್ಕಿಲ್ಲಾ?"

"ಉಕ್ಕೂದ್ಯಾಕ? ಅಷ್ಟು ಹದ ಗೊತ್ತಿದ್ದಾಕಿ. ಇಂಥವ್ರನ್ನ ಕೇಳಿ ಕಲೀಬೇಕು ನೀನು. ಮಡಿಯೊಳಗಿದ್ರ ಬಾ, ಕೇಳಸ್ತೀನಿ."

"ಬ್ಯಾಡ್ರಿ. ನನಗ ಅಡಿಗಿಮನ್ಯಾಗ ನಿಂತ್ರೂ ಕೇಳಸ್ತದ."

ಈ ಕೊನೆಯ ಮಾತು ರಾಯರ ಕಿವಿಗೆ ಬಿತ್ತು, ಆದರೆ ತಲೆಗೆ ಏರಲಿಲ್ಲ. ಗಿರ್ದಾವರಿಯ ಅಭ್ಯಾಸ.

ಅಷ್ಟರಲ್ಲಿ ಗದ್ವಾಲಿನಲ್ಲಿ ಬಂಧುಗಳ ಮನೆಯ ಮುಂಜಿವೆ ಬಂತು. ಮಕ್ತಲಿನಲ್ಲಿ ಬಸ್ಸು ಬದಲಿಸಿ, ಕಿಟಕಿಯ ಸೀಟು ಹಿಡಿದು, ರಾಯರು ಚಿಕ್ಕ ಹೆಡ್‌ಫೋನ್ ಏರಿಸಿ ಅದೇ ಹಾಡನ್ನು ಅದೇ ಭರದಲ್ಲಿ ಹಚ್ಚಿದರು. ಪಕ್ಕದಲ್ಲಿ ಕೂತ ಮುದುಕ ತೊಡೆಯ ಮೇಲೆ ತಾಳ ಹಾಕತೊಡಗಿದ. ಸಜ್ಜನರ ಪಕ್ಕದಲ್ಲಿ ಕೂತರೆ ಕೇಳದ ಸಂಗೀತಕ್ಕೂ ತಾಳ ಬರುತ್ತದೆ ಎಂದು ರಾಯರು ಬೀಗಿದರು. ಮುಂದಿನ ಸೀಟಿನಲ್ಲಿ ಕೂಸನ್ನು ಮಲಗಿಸಿಕೊಂಡಿದ್ದ ಹೆಣ್ಣುಮಗಳು ಹಿಂದೆ ತಿರುಗಿದಳು.

"ಸಾರ್, ಸೌಂಡ್ ಕೊಂಚೆಂ ತಗ್ಗಿಂಚಂಡಿ. ಪಾಪ ಪಡುಕುಂದಿ."

ಕೂಸು ಮಲಗಿದೆ, ಸಪ್ಪಳ ಕಡಿಮೆ ಮಾಡಿ ಎನ್ನುತ್ತಿದ್ದಾಳೆ. ನ್ಯಾಯವಾದ ಮಾತು. ರಾಯರು ಎದ್ದು ನಿಂತು ಡ್ರೈವರಿಗೆ ಕೂಗಿದರು: "ಓ ಡ್ರೈವರ್ ಸಾಬ್, ರೇಡಿಯೋ ಸಣ್ಣದು ಮಾಡಪಾ. ಕೂಸು ಮಲಗ್ಯದ."

ಡ್ರೈವರು ಕನ್ನಡಿಯಲ್ಲಿ ನೋಡಿದ. ಆ ಬಸ್ಸಿನಲ್ಲಿ ರೇಡಿಯೋ ಇರಲಿಲ್ಲ. ಮುದುಕ ತಾಳ ನಿಲ್ಲಿಸಿ ರಾಯರಿಂದ ಸ್ವಲ್ಪ ಸರಿದು ಕೂತ. ಬಸ್ಸು ಕೃಷ್ಣೆಯ ಸೇತುವೆ ಹತ್ತಿತು. ರಾಯರು ಮಾತ್ರ ಬೇರೊಂದು ಚಿಂತೆಯಲ್ಲಿದ್ದರು. ಚರಣ ಬಂದು ಹೋಯಿತು, ಎರಡನೇ ದನಿ ಬರಲಿಲ್ಲ. ಮತ್ತೆ ಹಚ್ಚಿದರು. ಬರಲಿಲ್ಲ. ಗದ್ವಾಲು ತಲುಪುವತನಕ ಭಾಗವತರು ಒಬ್ಬರೇ ದುಡಿದರು.

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಬಂದು ಚಿಕ್ಕದನ್ನು ಅದೇ ಮಣೆಯ ಮೇಲೆ ಕೂತು ಹಾಕಿ ನೋಡುತ್ತಿದ್ದರು, ಇಲ್ಲವೇ ದೊಡ್ಡದನ್ನು ಹೊರಗಿನ ಕಟ್ಟೆಗೆ ಒಯ್ಯುತ್ತಿದ್ದರು. ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. ಆದರೆ ಮಡಿಯದು ಹೊರಗೆ ಬರುವಂತಿಲ್ಲ, ಮೈಲಿಗೆಯದು ಒಳಗೆ ಹೋಗುವಂತಿಲ್ಲ. ಪರೀಕ್ಷೆಗಿಂತ ಆಚಾರ ದೊಡ್ಡದು. ರಾಯರು ಪರೀಕ್ಷೆಯಿಲ್ಲದೆಯೇ ಫಲಿತಾಂಶ ಪ್ರಕಟಿಸಿದರು, ಅದೂ ಶ್ರುತಿ ತಿದ್ದಲೆಂದು ವೇದಾಬಾಯಿ ಅವರನ್ನು ಸೇರಿಸಿಕೊಂಡಿದ್ದ ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ:

"ಗೃಹ ಶ್ರವಣಕ್ಕೂ ಪ್ರಯಾಣ ಶ್ರವಣಕ್ಕೂ ಎರಡು ಯಂತ್ರಗಳನ್ನು ತುಲನೆ ಮಾಡಿದ್ದೇನೆ. ಪ್ರಯಾಣದ ಯಂತ್ರವು ಏಕಕಂಠಿ, ದರಿದ್ರ. ಗೃಹಯಂತ್ರವು ಮೂಲ ಧ್ವನಿಮುದ್ರಣದಲ್ಲಿ ಹುದುಗಿದ್ದ ಸ್ತ್ರೀಕಂಠವೊಂದನ್ನು ಎತ್ತಿ ತೋರಿಸುತ್ತದೆ. ಅಂಥ ಕಂಠ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ದೂರದಲ್ಲಿ ಮರದ ತಾಳವೊಂದು ಖಟ್ ಖಟ್ ಎನ್ನುತ್ತಿದ್ದು, ಸ್ತ್ರೀಕಂಠ ಬಂದ ಕೂಡಲೇ ಗೌರವದಿಂದ ನಿಲ್ಲುತ್ತದೆ. ಚರಣದ ಕೊನೆಗೆ ಹಳೆಯ ರೆಕಾರ್ಡಿನ ಮುಳ್ಳು ಸವರುವ 'ಚುಂಯ್' ಎಂಬ ನಾದವೂ ಸ್ಪಷ್ಟ. ಓಪನ್ ಬ್ಯಾಕಿನಲ್ಲಿ ಎಲ್ಲವೂ ಕೇಳಿಸುತ್ತದೆ. ಇಂತು, ನರಸಿಂಹರಾವ್."

ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು.

ಇನ್ನೊಂದು ಸೋಜಿಗವಿತ್ತು. ರೆಕಾರ್ಡಿನಲ್ಲಿದ್ದ ಆ ದನಿ ದಿನದಿಂದ ದಿನಕ್ಕೆ ಸುಧಾರಿಸುತ್ತಿತ್ತು. ಒಂದು ದಿನ ಹೊಸ ಸಂಗತಿ ಹಾಕುವುದು, ಇನ್ನೊಂದು ದಿನ ಪಲ್ಲವಿಯನ್ನೇ ಮೊದಲು ಹಿಡಿದು ಭಾಗವತರನ್ನು ಹಿಂದೆ ಬಿಡುವುದು. ಒಂದು ದಿನ ಕೆಮ್ಮಿತು ಕೂಡ. ರಾಯರಿಗೆ ಇದಕ್ಕೂ ಉತ್ತರ ಸಿಕ್ಕಿತು. ಹೊಸ ಹೆಡ್‌ಫೋನು ಹೊಸ ಎತ್ತಿನಂತೆ, ಹೂಡಿದಷ್ಟೂ ಪಳಗುತ್ತದೆ ಎಂದು ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದ.

"ಹೊಸಾ ಎತ್ತಿನಂಗ ಪಳಗಿಕೋತ ಹೊಂಟದ" ಎಂದರು ಊಟಕ್ಕೆ ಕೂತಾಗ.

"ಎತ್ತೋ, ಗಾಡಿ ಹೊಡಿಯಾಂವೋ?" ಎಂದರು ಜಯಾಬಾಯಿ ಅನ್ನ ಬಡಿಸುತ್ತ.

ಏಕಾದಶಿ ಹತ್ತಿರ ಬಂತು. ವೇದಾಬಾಯಿಗೆ ಮುಂದೆ ನಿಲ್ಲುವವರು ಇನ್ನೂ ಸಿಕ್ಕಿರಲಿಲ್ಲ. ಒಂದು ಮುಂಜಾನೆ ಗುಡಿಯಿಂದ ನೇರವಾಗಿ, ಮಡಿಯಲ್ಲೇ ರಾಯರ ಮನೆಗೆ ಬಂದರು. "ನಿಮ್ಮ ಆ ಹೆಣ್ಣುಮಗಳ ದನಿ ನನಗೂ ಒಂದೀಟು ಕೇಳಸ್ರಿ" ಎಂದರು.

ರಾಯರು ಕಿರೀಟಧಾರಣೆ ಮಾಡಿಸುವಂತೆ ಹೆಡ್‌ಫೋನನ್ನು ಅವರ ತಲೆಗೇರಿಸಿ, ಹಾಡು ಹಚ್ಚಿದರು. ಪಲ್ಲವಿ ಹೋಯಿತು. ಚರಣ ಬಂತು. ವೇದಾಬಾಯಿಯ ಹುಬ್ಬು ಮೇಲೆ ಹೋಯಿತು. ಅವರು ಒಂದು ಕಿವಿಯ ಗಾದಿಯನ್ನು ಎತ್ತಿದರು. ಅಡಿಗೆಮನೆಯ ಬಾಗಿಲನ್ನು ನೋಡಿದರು. ಗಾದಿ ಇಳಿಸಿದರು. ಮತ್ತೆ ಎತ್ತಿದರು. ಮಕ್ಕಳ ಕಾಪಿ ಹಿಡಿಯುವ ಹೆಡ್‌ಮಿಸ್ಟ್ರೆಸ್ಸಿನ ನಗು ಅವರ ತುಟಿಯ ಮೂಲೆಯಲ್ಲಿ ಬಂದು ಕೂತಿತು.

"ಹೌದ್ರೀ ನರಸಿಂಹರಾವ್. ಭಾರಿ ದನಿ."

"ನಾನು ಹೇಳಲಿಲ್ಲಾ?"

"ಈ ದನಿ ಇದ್ದಾಕಿ ಸಿಕ್ಕರ ಗದ್ವಾಲಿಗೆ ಕರ್ಕೊಂಡು ಹೋಗ್ಲ್ಯಾ? ಆಮ್ಯಾಲ ನೀವು ತಕರಾರು ತಗೀಬಾರದು."

"ಕೈ ಮುಗದು ಕರ್ಕೊಂಡು ಹೋಗ್ರಿ. ಆಕಿ ಕಾಲು ತೊಳದು ಕಳಸಬೇಕು ಅಂಥಾಕೀನ. ತಕರಾರು ತಗದ್ರ ನನ್ನ ಕಿವಿ ಕತ್ತರಿಸ್ರಿ."

ವೇದಾಬಾಯಿ ಹೆಡ್‌ಫೋನನ್ನು ಪೂರ್ತಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಬೆರಳೊಂದನ್ನು ಫೋನಿನ ಮೇಲೆ ಒತ್ತಿದರು. ಭಾಗವತರು ಅರ್ಧ ಸಾಲಿನಲ್ಲಿ ನಿಂತರು.

ಎರಡನೇ ದನಿ ನಿಲ್ಲಲಿಲ್ಲ. ಅದು ಉಳಿದರ್ಧ ಸಾಲನ್ನು ತಾನೇ ಹೊತ್ತು, ನಿಧಾನವಾಗಿ ಇಳಿಸಿ, ಕೊನೆಯ ಅಕ್ಷರದ ಮೇಲೆ ಒಂದು ಸಣ್ಣ ಗಮಕ ಇಟ್ಟು ಮುಗಿಸಿತು. ಗೋಡೆಯಾಚೆ ಮಗ್ಗ ನಿಂತಿತ್ತು. ಮರುಗಳಿಗೆ ಅಡಿಗೆಮನೆಯಿಂದ 'ಚುಂಯ್' ಎಂದಿತು. ಇಂಗಿನ ವಾಸನೆ ಪಡಸಾಲೆಗೆ ಬಂತು.

ರಾಯರು ಹೆಡ್‌ಫೋನು ನೋಡಿದರು. ಫೋನು ನೋಡಿದರು. ಅಡಿಗೆಮನೆ ನೋಡಿದರು. ಗೋಡೆಯಾಚೆ ಮಗ್ಗ ಮತ್ತೆ ಖಟ್ ಖಟ್ ಎಂದಿತು. ಜಿಲ್ಲೆಯಲ್ಲೇ ಇನ್ನೊಂದಿಲ್ಲದ ಕಂಠ ಹೊರಗೆ ಬಂದು ಕೇಳಿತು:

"ವೇದಕ್ಕಾ, ಒಂದ್ ತುತ್ತು ತಿಂದು ಹೋಗ್ರಿ. ಹುಳಿ ಆತು."

ವೇದಾಬಾಯಿ ತಿಂದರು. ಎರಡು ಸಲ ಹಾಕಿಸಿಕೊಂಡರು.  ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ವೇದಾಬಾಯಿಯ ಸಂದೇಶ ಬಂತು: "ನರಸಿಂಹರಾಯರು ಹೇಳಿದ ಸ್ತ್ರೀಕಂಠ ಸಿಕ್ಕಿದೆ. ಅವರದೇ ಮನೆಯಲ್ಲಿತ್ತು. ಅವರ ಒಪ್ಪಿಗೆಯೂ ಇದೆ." ಮತ್ತೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಈ ಸಲ ನಡುನಡುವೆ ಹಲ್ಲುಬಿಟ್ಟ ಮುಖಗಳೂ ಇದ್ದವು.

ಅಂದಿನಿಂದ ಜಯಾಬಾಯಿ ಬೆಳಿಗ್ಗೆ ಬೇಗ ಅಡಿಗೆ ಮುಗಿಸಿ ವೇದಾಬಾಯಿಯ ಮನೆಗೆ ತಾಲೀಮಿಗೆ ಹೋಗತೊಡಗಿದರು. ರಾಯರು ಮರ್ಯಾದೆ ಉಳಿಸಿಕೊಳ್ಳಲೆಂದು ದಿನವೂ ಹೆಡ್‌ಫೋನ್ ಹಾಕಿಕೊಂಡು ಕೂತರು. ಎರಡನೇ ದನಿಯ ಹಂಗಿಲ್ಲದೆಯೂ ಭಾಗವತರು ಚೆನ್ನಾಗಿಯೇ ಇದ್ದಾರೆಂದು ಮನೆಗೆ ತೋರಿಸಲು, ಹೆಂಡತಿ ಹೊರಡುವ ಹೊತ್ತಿಗೆ ಸರಿಯಾಗಿ ಜೋರಾಗಿ ತಲೆದೂಗುತ್ತಿದ್ದರು.

ಗದ್ವಾಲಿಗೆ ಹೊರಟ ದಿನ ಜಯಾಬಾಯಿ ಒಂದು ಚಿಕ್ಕ ಚೀಲ ಹಿಡಿದು, ರೇಷ್ಮೆ ಅಂಚಿನ ಸೀರೆ ಉಟ್ಟು ಬಾಗಿಲಲ್ಲಿ ನಿಂತರು. ಅಂಚು ಮಾರೆಪ್ಪನ ಮಗ್ಗದ್ದು. ರಾಯರು ಕೊನೆಗೂ ಬಾಯಿ ಬಿಟ್ಟರು.

"ಮೊದಲ ದಿನದಿಂದ ಗೊತ್ತಿತ್ತು ನಿನಗ. ಯಾಕ ಹೇಳಲಿಲ್ಲ?"

"ಹೇಳಿದ್ರ ಏನಾಗ್ತಿತ್ತು?"

"ಏನಾಗ್ತಿತ್ತು ಅಂದ್ರ?"

"ಹೆಂಡತಿ ದನಿ ಅಂತ ಗೊತ್ತಾದ ಕೂಡ್ಲೇ ಶ್ರುತಿ ಬಿಡ್ತಿತ್ತ್ರೀ ಅದು. ನಿಮ್ಮ ಕಿವಿ ನನಗ ಗೊತ್ತಿಲ್ಲೇನು?" ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಯಾರೋ ಅಂತ ತಿಳದು ಹೊಗಳಿದ್ರಿ. ಅಷ್ಟು ದಿನಾ ನಾ ಯಾರೋ ಆಗಿದ್ದೆ. ಛಲೋ ಅನಸ್ತು."

ಹೋದರು. ಆಟೋ ಓಣಿಯ ತಿರುವು ದಾಟಿತು. 

ಏಕಾದಶಿ ರಾಯರಿಗೆ ಸುಲಭವಾಯಿತು, ಉಪವಾಸ. ದ್ವಾದಶಿಯ ದಿನ ಅನ್ನ ಹತ್ತಿತು, ಸಾರು ಉಕ್ಕಿತು, ಹಾಲೂ ಉಕ್ಕಿತು. ಹಾಲು ಉಕ್ಕಿದಾಗ ರಾಯರು ಒದರಿದರು. ಅವರ ಒದರುವಿಕೆಯಲ್ಲಿ ಯಾವ ರಾಗವೂ ಇರಲಿಲ್ಲ. ಮಧ್ಯಾಹ್ನ ಫೋನು ಬಂತು.

"ಗದ್ವಾಲಿಂದು ಛಂದ ಆತ್ರೀ" ಎಂದರು ಜಯಾಬಾಯಿ. ಹಿಂದಿನಿಂದ ಹೆಣ್ಣುಮಕ್ಕಳ ನಗು, ತಾಳಗಳ ಸದ್ದು. "ಈಗ ವಡ್ಡೆಪಲ್ಲಿಗೆ ಹೊಂಟೀವಿ. ಆಮ್ಯಾಲ ಮಕ್ತಲ್. ಮಕ್ತಲಿನವರು ಸಪ್ತಾಹ ಮುಗಿಯೂತನಕ ಇರ್ರಿ ಅಂತಾರ. ಒಪ್ಪಿಕೊಂಡೀನಿ."

"ಒಪ್ಪಿಕೊಂಡಿ? ಯಾರನ್ನ ಕೇಳಿ ಒಪ್ಪಿಕೊಂಡಿ?"

"ನಿಮ್ಮನ್ನs ಕೇಳೀನಲ್ರೀ. ಹೋದ ವಾರ ತಾಲೀಮಿಗೆ ಹೊಂಟಾಗ ಬಾಗಲಾಗ ನಿಂತು ಕೇಳಿದೆ, ವಡ್ಡೆಪಲ್ಲಿಗೂ ಮಕ್ತಲಿಗೂ ಕರದಾರ, ಹೋಗ್ಲೇನು ಅಂತ. ನೀವು ತಲಿ ಹಾಕಿದ್ರಿ. ಒಮ್ಮೆ ಅಲ್ಲ, ಜೋರಾಗಿ ಎಷ್ಟೋ ಸಲ ಹಾಕಿದ್ರಿ."

"ನಾ ಹಾಡಿಗೆ ತಲಿ ಹಾಕಿದ್ನೇ ಹುಚ್ಚಿ. ಕಿವಿಗೆ ಮಿಷನ್ ಇತ್ತು."

"ಓಪನ್ ಬ್ಯಾಕಿನ್ಯಾಗ ಎಲ್ಲಾ ಕೇಳಸ್ತದ ಅಂತ ಗುಂಪಿನ್ಯಾಗ ನೀವs ಬರದೀರಿ" ಎಂದರು ಜಯಾಬಾಯಿ. "ಕುಕ್ಕರಿಗೆ ನೀರು ಹಾಕೂದು ಮರೀಬ್ಯಾಡ್ರಿ." ಫೋನು ಇಟ್ಟರು.

ಸಂಜೆ ವೇದಾಬಾಯಿ ಗದ್ವಾಲಿನ ಭಜನೆಯ ರೆಕಾರ್ಡಿಂಗನ್ನು ಗುಂಪಿಗೆ ಹಾಕಿದರು. ರಾಯರು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಕೊನೆಗೆ ಕೈಕಾಲು ತೊಳೆದು, ಮಣೆಯ ಮೇಲೆ ಕೂತು, ಮಡಿ ಹೆಡ್‌ಫೋನ್ ಏರಿಸಿ, ದನಿಯನ್ನು ಕೊನೆಯವರೆಗೆ ಎತ್ತಿದರು. ಈ ಸಲ ಮುಂದೆ ಭಾಗವತರಿರಲಿಲ್ಲ. ಇದ್ದದ್ದು ಒಂದೇ ದನಿ, ಅದರ ಹಿಂದೆ ಇಡೀ ಮಂಡಳಿ. ಜಯಾಬಾಯಿ ಹಾಡಿದರು. ಜಾಲರಿಯಿಂದ ಆ ಹಾಡು ಸೋರಿ ಪಡಸಾಲೆ ತುಂಬಿತು, ಬೆಂಕಿಯಿಲ್ಲದ ಅಡಿಗೆಮನೆಗೆ ಹೋಯಿತು, ಗೋಡೆ ದಾಟಿತು.

ಗೋಡೆಯಾಚೆ ಮಗ್ಗ ಗಕ್ಕನೆ ನಿಂತಿತು.

"ಸಾಹೇಬ್ರ" ಎಂದು ಮಾರೆಪ್ಪ ಗೋಡೆಯ ಮೇಲಿಂದ ಇಣುಕಿದ. ಮುಖದಲ್ಲಿ ಹಿಗ್ಗಿತ್ತು. "ಅಮ್ಮಾರು ಬಂದ್ರೇನ್ರಿ?"

"ನಿನಗೂ ಗೊತ್ತಿತ್ತೇನೋ?"

"ಏನ್ರಿ ಗೊತ್ತಿರೂದು? ಅಮ್ಮಾರು ಮುಂಜಾನಿ ಹಾಡ್ತಿದ್ರಲ್ರಿ. ಅಷ್ಟೊತ್ತು ನಾ ಮಗ್ಗ ನಿಲ್ಲಸ್ತಿದ್ದೆ, ಸಪ್ಪಳಾಗಬಾರದು ಅಂತ. ಓಣಿಗೆಲ್ಲಾ ಗೊತ್ತೈತ್ರಿ. ಒಳಗ ಅದಾರೇನ್ರಿ ಅಮ್ಮಾರು?"

ರಾಯರು ಹೆಡ್‌ಫೋನನ್ನು ತಲೆಯಿಂದ ಇಳಿಸಿ ಅವನಿಗೆ ಕಾಣುವಂತೆ ಎತ್ತಿ ಹಿಡಿದರು. ಎರಡು ಜಾಲರಿಗಳಿಂದ ಜಯಾಬಾಯಿ ಇನ್ನೂ ಹಾಡುತ್ತಿದ್ದರು, ಸಣ್ಣಗೆ, ತುಂಬ ದೂರದಿಂದ.

"ಇಲ್ಲೋ ಮಾರೆಪ್ಪ. ಬರೇ ಮಿಷನ್."

"ಓ, ಅದಾ" ಎಂದ ಮಾರೆಪ್ಪ. ಅವನ ತಲೆ ಗೋಡೆಯಾಚೆ ಇಳಿಯಿತು. ಖಟ್ ಖಟ್ ಎಂದು ಮಗ್ಗ ಮತ್ತೆ ಶುರುವಾಯಿತು.